ಉಷ್ಣವಲಯದ ಊರನ್ನು ಓದುವ ಬಗೆ: ಬೋನಾಳದಿಂದ ಸಿಂಗಪುರದವರೆಗೆ



ನಗರಗಳು ತಾಳಿ ಬಾಳುವುದು ಹೇಗೆ ಎಂಬುದು ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ. ಇದನ್ನು ಸುಸ್ಥಿರ ನಗರಾಭಿವೃದ್ಧಿ ಎಂದು ಕರೆಯುತ್ತಾರೆ. ನೀರು, ಗಾಳಿ, ಬಿಸಿಲು, ಮನೆ, ಸಾರಿಗೆ, ಕಸ ಇವೆಲ್ಲವನ್ನೂ ಒಟ್ಟಾಗಿ ಲೆಕ್ಕ ಹಾಕುವ ವಿದ್ಯೆ ಇದು. ಇದನ್ನು ಕಲಿಯಲು ನಮ್ಮ ನಾಡಿನ ಯುವಕ ಯುವತಿಯರು ಲಂಡನ್ನಿಗೆ ಹೋಗುತ್ತಾರೆ, ಸಿಂಗಪುರಕ್ಕೆ ಹೋಗುತ್ತಾರೆ. ಅದರಲ್ಲೂ ಸಿಂಗಪುರವು ಭೂಮಧ್ಯರೇಖೆಗೆ ಅತಿ ಸಮೀಪದಲ್ಲಿರುವ, ಉಷ್ಣವಲಯದ ನಗರ. ಬಿಸಿಲು ಮಳೆಗಳ ನಾಡಿನವರಾದ ನಮಗೆ ಅಲ್ಲಿ ಕಲಿಯುವುದು ಬಹಳ ಇದೆ ಎಂಬ ಮಾತು ನಿಜ.

ಆದರೆ ಈ ವಿದ್ಯೆ ಸಿಂಗಪುರಕ್ಕೆ ಎಲ್ಲಿಂದ ಬಂತು? ಅದರ ಒಂದು ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ನಾವು ನಮ್ಮ ಬೆಂಗಳೂರಿಗೇ ಬಂದು ನಿಲ್ಲುತ್ತೇವೆ. ಇನ್ನೂ ನೂರು ವರ್ಷ ಹಿಂದಕ್ಕೆ ಹೋದರೆ, ಹೊರಗಿನವನೊಬ್ಬ ನಮ್ಮ ನೆಲವನ್ನು ನೋಡಿ ಪಾಠ ಕಲಿತ ಉದಾಹರಣೆ ಸುರಪುರ ತಾಲ್ಲೂಕಿನ ಬೋನಾಳದಲ್ಲೇ ಸಿಗುತ್ತದೆ. ಕಿರುತೆರೆಯ ಮಾತುಕತೆಯಲ್ಲಿ ಇಷ್ಟೆಲ್ಲವನ್ನೂ ಹೇಳಲು ಸಮಯ ಸಾಲುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಆ ಕಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೋನಾಳದ ಕೆರೆ ಕಲಿಸಿದ ಪಾಠ

ಯಾದಗಿರಿ ಜಿಲ್ಲೆಯ ನಿಮಗೆ ಬೋನಾಳ ಎಂದ ಕೂಡಲೇ ನೆನಪಾಗುವುದು ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಕೆನ್ನೀಲಿ ಬಕಗಳು, ಕೆಂಬರಲುಗಳು ಅಲ್ಲಿ ಕಾಣಸಿಗುತ್ತವೆ. ಆದರೆ ಹಕ್ಕಿಗಳು ಬಂದದ್ದು ಆಮೇಲೆ. ಮೊದಲು ಬಂದದ್ದು ಕೆರೆ. 17ನೆಯ ಶತಮಾನದಲ್ಲಿ ಸುರಪುರದ ನಾಯಕ ಅರಸರು ಇದನ್ನು ಕಟ್ಟಿಸಿದರು. ಹಕ್ಕಿಗಳಿಗಾಗಿ ಅಲ್ಲ, ಬೆಳೆಗಾಗಿ ಮತ್ತು ಜನ ಜಾನುವಾರುಗಳ ನೀರಿಗಾಗಿ. ಮನುಷ್ಯ ತನ್ನ ಅಗತ್ಯಕ್ಕೆ ಮಾಡಿದ ಒಂದು ಕೆಲಸ, ಚೆನ್ನಾಗಿ ಮಾಡಿದರೆ, ಬೇರೆ ಜೀವಿಗಳಿಗೂ ಮನೆಯಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

1841ರಲ್ಲಿ ಹೈದರಾಬಾದಿನ ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸುರಪುರಕ್ಕೆ ಬಂದರು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರು ಹದಿನೈದರ ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿ ಭಾರತಕ್ಕೆ ಬಂದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಭೂಮಾಪನ, ಕಾನೂನು, ಕಟ್ಟಡ ಕೆಲಸ ಎಲ್ಲವನ್ನೂ ಕೆಲಸದಲ್ಲಿದ್ದುಕೊಂಡೇ ಕಲಿತರು. ರಾಜಕುಮಾರ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದ ಕಾರಣ 1853ರವರೆಗೆ ಸಂಸ್ಥಾನದ ಆಡಳಿತದಲ್ಲಿ ಟೇಲರ್ ಅವರದೇ ದೊಡ್ಡ ಪಾತ್ರ. ಸುರಪುರದ ಗುಡ್ಡದ ಮೇಲಿನ ಅವರ ಬಂಗಲೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ರಾಜನಕೋಳೂರಿನ ಬೃಹತ್ ಶಿಲಾಗೋರಿಗಳನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿಯೂ ಅವರು ಮೊದಲಿಗರು.

ಟೇಲರ್ ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವರು ಹುಟ್ಟಿದ ನಾಡಿನಲ್ಲಿ ಮಳೆ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಬೀಳುತ್ತದೆ. ಸುರಪುರ ಶಹಾಪುರಗಳ ಕಡೆ ವರ್ಷದ ಮಳೆ ಸುಮಾರು ಏಳುನೂರು ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಇಂತಹ ಕಡೆ ನೀರಿನ ಪ್ರಶ್ನೆ ಎಂದರೆ ಎಷ್ಟು ಬಿತ್ತು ಎಂಬುದಕ್ಕಿಂತ ಎಷ್ಟನ್ನು ಹಿಡಿದಿಟ್ಟೆವು ಎಂಬುದು. ಇದಕ್ಕೆ ಉತ್ತರ ಇಂಗ್ಲೆಂಡಿನ ಪುಸ್ತಕದಲ್ಲಿ ಇರಲಿಲ್ಲ. ಏರಿ, ತೂಬು, ಕೋಡಿ ಎಂಬ ಮೂರು ಅಂಗಗಳ ರೂಪದಲ್ಲಿ ಅದು ಇಲ್ಲಿಯೇ ಇತ್ತು. ಏರಿ ನೀರನ್ನು ತಡೆಯುತ್ತದೆ. ತೂಬು ಬೇಕಾದಷ್ಟನ್ನು ಹೊಲಗದ್ದೆಗೆ ಬಿಡುತ್ತದೆ. ಕೋಡಿ ಹೆಚ್ಚಾದದ್ದನ್ನು ಏರಿಗೆ ಪೆಟ್ಟಾಗದಂತೆ ಹೊರಕ್ಕೆ ಹರಿಸುತ್ತದೆ. ಈ ಮೂರರಲ್ಲಿ ಒಂದು ಕೆಟ್ಟರೂ ಕೆರೆ ಉಳಿಯದು. ಹೂಳು ತುಂಬಿದರೆ ಕೆರೆ ತೆಳುವಾಗುತ್ತದೆ. ನಮ್ಮ ಬಿಸಿಲಿಗೆ ತೆರೆದ ನೀರಿನ ಮೇಲಿನಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ತೆಳುವಾದ ಕೆರೆ ಬೇಸಿಗೆಯನ್ನು ಕಾಣುವುದಿಲ್ಲ. ಹೂಳೆತ್ತುವ ಕೆಲಸದ ಹಿಂದೆ ಇರುವ ಭೌತಶಾಸ್ತ್ರ ಇಷ್ಟೇ.

ಟೇಲರ್ ಅವರನ್ನು ನಾವು ಪೂಜಿಸಬೇಕಾಗಿಲ್ಲ. ಅವರು ಪರಕೀಯ ಆಳ್ವಿಕೆಯ ಪ್ರತಿನಿಧಿ. 1858ರಲ್ಲಿ ವೆಂಕಟಪ್ಪ ನಾಯಕ ಬಂಡೆದ್ದು, ಸೆರೆಸಿಕ್ಕು, ಗುಂಡಿನಿಂದ ಪ್ರಾಣ ಬಿಟ್ಟ ಕಥೆ ನಿಮಗೆ ಗೊತ್ತಿದೆ. ಅದರೊಂದಿಗೆ ಸಂಸ್ಥಾನವೂ ಅಳಿಯಿತು. ಆದರೂ ಒಂದು ಮಾತನ್ನು ಒಪ್ಪಬೇಕು. ಹೊಸ ಕೆರೆಯ ನಕ್ಷೆಯನ್ನು ಹೊರಗಿನಿಂದ ತರುವ ಬದಲು, ಇದ್ದ ಕೆರೆಯನ್ನು ಅರ್ಥ ಮಾಡಿಕೊಂಡು ಸರಿಪಡಿಸುವ ವಿವೇಕ ಅವರಿಗಿತ್ತು.

ಬರ್ಲಿನ್ನಿನಿಂದ ಬೆಂಗಳೂರಿಗೆ

ಈಗ ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಯೆಹೂದಿ ಮೂಲದವರು ಸರ್ಕಾರಿ ಕೆಲಸಗಳನ್ನು ಕಳೆದುಕೊಂಡರು. ಅವರಲ್ಲಿ ಓಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಇಪ್ಪತ್ತೈದರ ತರುಣ ವಾಸ್ತುಶಿಲ್ಪಿಯೂ ಒಬ್ಬರು. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಅವರು ಅದೇ ವರ್ಷ ವಾಸ್ತುಶಿಲ್ಪಕ್ಕಾಗಿ ಷಿಂಕೆಲ್ ಪ್ರಶಸ್ತಿಯನ್ನು ಪಡೆದಿದ್ದರು. ಪ್ರಶಸ್ತಿ ಬಂದರೂ ನೆಲೆ ತಪ್ಪಿತು. ಅವರು ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪರಿಚಿತ ಹೆಸರು ಎದುರಾಗುತ್ತದೆ. ಕ್ವಾಂಟಂ ಭೌತಶಾಸ್ತ್ರದ ಮ್ಯಾಕ್ಸ್ ಬಾರ್ನ್ ಅವರು ಕೋನಿಗ್ಸ್‌ಬರ್ಗರ್ ಅವರ ಸೋದರಮಾವ. ಅವರೂ ಜರ್ಮನಿಯನ್ನು ಬಿಡಬೇಕಾಯಿತು. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರ ಚಳಿಗಾಲವನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದರು. ಮೈಸೂರು ಸಂಸ್ಥಾನದೊಂದಿಗೆ ಹೀಗೆ ಬೆಳೆದ ನಂಟಿನಿಂದ ಅವರ ಸೋದರಳಿಯನಿಗೆ ಇಲ್ಲಿ ಬಾಗಿಲು ತೆರೆಯಿತು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೋನಿಗ್ಸ್‌ಬರ್ಗರ್ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು.

ಮಿರ್ಜಾ ಅವರಿಗೆ ಗುಮ್ಮಟ, ಕಮಾನು, ಅಲಂಕಾರಗಳೆಂದರೆ ಪ್ರೀತಿ. ಕೋನಿಗ್ಸ್‌ಬರ್ಗರ್ ಅವರಿಗೆ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂಬುದೇ ಮುಖ್ಯ. ಮೇಲಾಗಿ ಎರಡನೆಯ ಮಹಾಯುದ್ಧದ ಕಾಲ. ಸಿಮೆಂಟು, ಉಕ್ಕು ಸಿಗುವುದೇ ದುರ್ಲಭ. ಇದ್ದ ಕಲ್ಲು, ಇಟ್ಟಿಗೆ, ಹೆಂಚು, ಮರಗಳಲ್ಲೇ ಕೆಲಸ ಸಾಗಬೇಕಿತ್ತು. ಈ ಅಭಾವವೇ ಅವರಿಗೆ ಗುರುವಾಯಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ಕಲಾಸಿಪಾಳ್ಯದ ಬಸ್ ನಿಲ್ದಾಣ, ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಮತ್ತು ಭೋಜನಶಾಲೆ, ಇವೆಲ್ಲ ಅವರ ಬೆಂಗಳೂರಿನ ಕೆಲಸಗಳು.

ಮುಂದೆ ಅವರು ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನು, 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯನ್ನು ಸಿದ್ಧಪಡಿಸಿದರು. ಅದೇ ವರ್ಷ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಾಗಿ ಲಕ್ಷಾಂತರ ನಿರಾಶ್ರಿತರು ಬಂದಿದ್ದ ಸಮಯ. ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕಿ ತಂದು ಜೋಡಿಸಿ ಬೇಗ ಮನೆ ಕಟ್ಟುವ ಯೋಜನೆಯೊಂದನ್ನು ದೆಹಲಿಯಲ್ಲಿ ಕೈಗೊಳ್ಳಲಾಯಿತು. ಅದು ನಿರೀಕ್ಷಿಸಿದ ಫಲ ಕೊಡಲಿಲ್ಲ. ಹಲಗೆಗಳು ಬಿರುಕು ಬಿಟ್ಟವು, ಸಂಸತ್ತಿನಲ್ಲಿ ಟೀಕೆ ಬಂತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು. ಗೆದ್ದ ಕಟ್ಟಡಗಳಂತೆ ಸೋತ ಈ ಯೋಜನೆಯೂ ಅವರ ಅನುಭವದ ಗಂಟಿನಲ್ಲಿ ಸೇರಿತ್ತು.

ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ

ಈ ಕಥೆಯಲ್ಲಿ ನಿಮ್ಮಂತಹ ಒಬ್ಬ ವಿದ್ಯಾರ್ಥಿಯದೂ ದೊಡ್ಡ ಪಾತ್ರವಿದೆ. ಹೆಸರು ಅಡೆಡೋಕುನ್ ಅಡೆಯೆಮಿ. ನೈಜೀರಿಯಾದಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ವಾಸ್ತುಶಿಲ್ಪ ಓದಲು ಹೋಗಿದ್ದವರು. ಅಲ್ಲಿ ಕಲಿಸುತ್ತಿದ್ದುದು ಚಳಿ ನಾಡಿನ ಮನೆಗಳನ್ನು ಕಟ್ಟುವ ಬಗೆ: ಬಿಸಿಯನ್ನು ಒಳಗೆ ಹಿಡಿದಿಡುವುದು, ಬಿಸಿಲನ್ನು ಬರಮಾಡಿಕೊಳ್ಳುವುದು. ಅವರ ಊರಿನಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ. ತಾನು ಕಲಿತದ್ದು ತನ್ನ ಜನರಿಗೆ ಹೇಗೆ ಉಪಯೋಗವಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಅದರ ಫಲವಾಗಿ 1953ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬಗ್ಗೆ ಸಮ್ಮೇಳನವೇ ನಡೆಯಿತು. ಮರುವರ್ಷ, 1954ರಲ್ಲಿ, ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಅದಕ್ಕಾಗಿ ಪ್ರತ್ಯೇಕ ವಿಭಾಗ ತೆರೆಯಿತು.

1957ರಲ್ಲಿ ಆ ವಿಭಾಗದ ಮುಖ್ಯಸ್ಥರಾದವರು ಕೋನಿಗ್ಸ್‌ಬರ್ಗರ್. ಬೆಂಗಳೂರಿನ ಬಿಸಿಲಿನಲ್ಲಿ ಕಲಿತದ್ದನ್ನು ಅವರು ಲಂಡನ್ನಿನ ಮಬ್ಬು ಬೆಳಕಿನ ತರಗತಿಗಳಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳಿಗೆ ಕಲಿಸತೊಡಗಿದರು. 1971ರಲ್ಲಿ ಆ ವಿಭಾಗ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಇಂದು ನಮ್ಮವರು ನಗರಾಭಿವೃದ್ಧಿ ಓದಲು ಹೋಗುವ ಹೆಸರಾಂತ ಕೇಂದ್ರಗಳಲ್ಲಿ ಅದೂ ಒಂದು. ಕೋನಿಗ್ಸ್‌ಬರ್ಗರ್ 1999ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಬಿಸಿಲು ಒಂದೇ, ಸೆಕೆ ಬೇರೆ

ಆ ತರಗತಿಯ ಮೊದಲ ಪಾಠವೇನು? ಉಷ್ಣವಲಯ ಎಂಬುದು ಒಂದಲ್ಲ, ಹಲವು. ನಮ್ಮ ಊರುಗಳನ್ನೇ ತೆಗೆದುಕೊಂಡು ನೋಡೋಣ.

ಸುರಪುರದಲ್ಲಿ ಬೇಸಿಗೆಯ ಹಗಲು ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಳಿ ಒಣಗಿರುತ್ತದೆ. ಆದರೆ ರಾತ್ರಿ ತಂಪೇರುತ್ತದೆ. ಇಂತಹ ಕಡೆ ದಪ್ಪ ಕಲ್ಲುಗೋಡೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಮಣ್ಣಿನ ದಪ್ಪ ಮಾಳಿಗೆಯನ್ನು ದಾಟಿ ಬಿಸಿ ಒಳಗಿಳಿಯಲು ಎಂಟು ಹತ್ತು ಗಂಟೆಗಳೇ ಬೇಕು. ಮಧ್ಯಾಹ್ನದ ಬಿಸಿ ಒಳಗೆ ಮುಟ್ಟುವ ವೇಳೆಗೆ ಹೊರಗೆ ರಾತ್ರಿಯಾಗಿರುತ್ತದೆ, ಮನೆಮಂದಿ ಹಾಸಿಗೆ ಎತ್ತಿಕೊಂಡು ಮಾಳಿಗೆಯ ಮೇಲೆ ಮಲಗಿರುತ್ತಾರೆ. ನಿಮ್ಮ ಅಜ್ಜ ಅಜ್ಜಿಯರು ಉಷ್ಣವಹನದ ಸೂತ್ರವನ್ನು ಓದಿರಲಿಲ್ಲ, ಅದರಲ್ಲಿ ವಾಸವಾಗಿದ್ದರು.

ಇದೇ ಮನೆಯನ್ನು ಸಿಂಗಪುರದಲ್ಲಿ ಕಟ್ಟಿದರೆ ಏನಾಗುತ್ತದೆ? ಅಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ವ್ಯತ್ಯಾಸ ಕಡಿಮೆ. ಗಾಳಿಯ ತುಂಬ ತೇವ, ಬೆವರು ಆರುವುದೇ ಇಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತದೆ. ಅಲ್ಲಿ ಬೇಕಾದದ್ದು ತೆಳು ಗೋಡೆ, ದೊಡ್ಡ ಕಿಟಕಿ, ಎದುರು ಬದರು ಬಾಗಿಲು, ಮಳೆ ಬಿಸಿಲು ತಡೆಯುವ ಅಗಲವಾದ ಚಾವಣಿ. ನಮ್ಮ ಕರಾವಳಿಯ ಹಂಚಿನ ಮನೆ ಅದಕ್ಕೆ ಹತ್ತಿರದ್ದು. ಇನ್ನು ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿದೆ. ಅದರ ಲೆಕ್ಕವೇ ಬೇರೆ.

ಈ ಪಾಠಗಳನ್ನು ಕೋನಿಗ್ಸ್‌ಬರ್ಗರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿಯಾಗಿ ಹೊರತಂದರು. ಇಂದು ಸುರಪುರದಲ್ಲೂ ಮಂಗಳೂರಿನಲ್ಲೂ ಒಂದೇ ಬಗೆಯ ತೆಳು ಕಾಂಕ್ರೀಟ್ ಚಾವಣಿ, ಒಂದೇ ಬಗೆಯ ಗಾಜಿನ ಮುಖ ಏಳುತ್ತಿರುವುದನ್ನು ನೋಡಿದರೆ ಆ ಮೊದಲ ಪಾಠವನ್ನೇ ನಾವು ಮರೆತಿದ್ದೇವೆ ಎನ್ನಿಸುತ್ತದೆ.

ಸಿಂಗಪುರದ ಉಂಗುರ

1963ರಲ್ಲಿ ವಿಶ್ವಸಂಸ್ಥೆಯು ಮೂವರು ತಜ್ಞರನ್ನು ಸಿಂಗಪುರಕ್ಕೆ ಕಳುಹಿಸಿತು. ಅಮೆರಿಕದ ಚಾರ್ಲ್ಸ್ ಏಬ್ರಮ್ಸ್, ಜಪಾನಿನ ಸುಸುಮು ಕೋಬೆ, ಮೂರನೆಯವರು ಕೋನಿಗ್ಸ್‌ಬರ್ಗರ್. ಆಗ ಸಿಂಗಪುರ ಇನ್ನೂ ಸ್ವತಂತ್ರ ಗಣರಾಜ್ಯವಾಗಿರಲಿಲ್ಲ, ಅದಾದದ್ದು 1965ರಲ್ಲಿ. ನಗರದ ನಡುವೆ ಕಿಕ್ಕಿರಿದ ಜನ, ಕೊಳಚೆ ಪ್ರದೇಶಗಳು, ಮಲಿನ ನದಿ. 1958ರಲ್ಲಿ ಜಾರಿಗೆ ಬಂದ ನಗರ ಯೋಜನೆ ನಿಧಾನವಾದ ಬೆಳವಣಿಗೆಯನ್ನು ಊಹಿಸಿ ಮಾಡಿದ್ದು. ವಾಸ್ತವ ಅದನ್ನು ಮೀರಿ ಓಡುತ್ತಿತ್ತು.

ಒಂದು ಸಲ ಗೆರೆ ಎಳೆದು ಇಪ್ಪತ್ತು ವರ್ಷ ಕಾಯುವ ನಕ್ಷೆಯಿಂದ ಪ್ರಯೋಜನವಿಲ್ಲ ಎಂದು ಮೂವರೂ ಹೇಳಿದರು. ದಾರಿ ತೋರುವ ಒಂದು ಒಟ್ಟು ಕಲ್ಪನೆ ಇರಲಿ, ತುರ್ತು ಕೆಲಸಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ, ಅನುಭವದಿಂದ ತಿದ್ದಿಕೊಳ್ಳುತ್ತ ಹೋಗಿ ಎಂಬುದು ಅವರ ಸಲಹೆ. ಇಡೀ ದ್ವೀಪವನ್ನು ಒಂದು ಉಂಗುರದಂತೆ ಕಲ್ಪಿಸಿಕೊಳ್ಳಿ ಎಂದರು: ನಡುವೆ ಬಯಲು, ಸುತ್ತಲೂ ಊರುಗಳು. ದ್ವೀಪದ ನಡುಭಾಗದಲ್ಲಿ ಕಾಡು ಮತ್ತು ಜಲಾಶಯಗಳು ಇದ್ದವು. ಅವು ಉಳಿದವು. 1971ರ ಸಿಂಗಪುರದ ಪರಿಕಲ್ಪನಾ ಯೋಜನೆಯಲ್ಲಿ ಈ ಉಂಗುರದ ಆಕಾರ ಎದ್ದು ಕಾಣುತ್ತದೆ.

ಆಮೇಲಿನ ಕೆಲಸ ಸಿಂಗಪುರದವರದೇ. 1977ರಿಂದ 1987ರವರೆಗೆ ಹತ್ತು ವರ್ಷ ನದಿಯನ್ನು ಶುಚಿಗೊಳಿಸಿದರು. 1975ರಲ್ಲೇ ನಗರದ ನಡುವಿಗೆ ನುಗ್ಗುವ ಕಾರುಗಳಿಗೆ ಸುಂಕ ಹಾಕಿದರು. 2003ರಲ್ಲಿ ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ ವ್ಯವಸ್ಥೆ ತಂದರು. 2008ರಲ್ಲಿ ನದಿ ಸಮುದ್ರ ಸೇರುವಲ್ಲಿ ಮರೀನಾ ಅಣೆಕಟ್ಟೆಯನ್ನು ಕಟ್ಟಿ ನಗರದ ಮಧ್ಯದಲ್ಲೇ ಒಂದು ಜಲಾಶಯ ಮಾಡಿದರು. ಇಂದು ಆ ದೇಶದ ನೆಲದ ಮೂರರಲ್ಲಿ ಎರಡು ಪಾಲು ಮಳೆನೀರು ಹಿಡಿಯುವ ಪ್ರದೇಶ. ಅಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ. ಆದರೂ ನೀರಿನ ಕೊರತೆ! ಕಾರಣ, ಹಿಡಿದಿಡಲು ನೆಲವಿಲ್ಲ. ನೋಡಿ, ಬೋನಾಳದ ಏರಿಯ ಮೇಲೆ ಕಲಿತ ಪಾಠವೇ ಮತ್ತೆ ಬಂತು: ಎಷ್ಟು ಬಿತ್ತು ಎಂಬುದಲ್ಲ, ಎಷ್ಟನ್ನು ಹಿಡಿದೆವು ಎಂಬುದು.

ಇನ್ನೊಂದು ಮುಖವನ್ನೂ ಹೇಳಬೇಕು. ಆ ಹೊಸ ಊರುಗಳಿಗಾಗಿ ಹಳೆಯ ಹಳ್ಳಿಗಳು ಎದ್ದು ಹೋದವು. ಸರ್ಕಾರ 1966ರ ಕಾನೂನಿನ ಬಲದಿಂದ ನೆಲವನ್ನು ವಶಪಡಿಸಿಕೊಂಡಿತು. ಆ ದೇಶ ತನ್ನ ಆಹಾರದ ಹತ್ತರಲ್ಲಿ ಒಂಬತ್ತು ಪಾಲನ್ನು ಹೊರಗಿನಿಂದ ತರಿಸುತ್ತದೆ. ಆದ್ದರಿಂದ ಸಿಂಗಪುರವನ್ನು ಓದುವಾಗ ಅದರ ಹಸಿರನ್ನು ಮಾತ್ರವಲ್ಲ, ಆ ಹಸಿರಿಗೆ ತೆತ್ತ ಬೆಲೆಯನ್ನೂ ಓದಬೇಕು.

ನಮ್ಮ ರಾಜಧಾನಿಯ ಲೆಕ್ಕ

ಪಾಠ ಕಲಿಸಿದ ಊರಿನ ಗತಿ ಏನಾಯಿತು? ಬೆಂಗಳೂರು ಕೆರೆಗಳ ಸರಪಳಿಯ ಮೇಲೆ ಬೆಳೆದ ಊರು. ಒಂದು ಕೆರೆಯ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ಇನ್ನೊಂದಕ್ಕೆ ನೀರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನೀರಿಗಾಗಿ ನಗರ ದೂರ ದೂರಕ್ಕೆ ಕೈಚಾಚಿತು: 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಏರಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರದ ಹಲವು ಬಡಾವಣೆಗಳು ಟ್ಯಾಂಕರುಗಳ ದಾರಿ ಕಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಆರಂಭವಾಯಿತು. ಹಂತಗಳು ಹೆಚ್ಚುತ್ತಿವೆ. ನದಿ ಮಾತ್ರ ಒಂದೇ ಇದೆ.

ಇದು ಬೆಂಗಳೂರಿನ ಮಾತು, ನಮಗೇನು ಎಂದು ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಗಳು ಅಂದುಕೊಳ್ಳಬಾರದು. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿದ ಮೇಲೆ ಕಾಲುವೆ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಬಂತು. ಅದು ದೊಡ್ಡ ಭಾಗ್ಯ. ಆದರೆ ಕಾಲುವೆ ಬಂದ ಕಡೆಯಲ್ಲೆಲ್ಲ ಕೆರೆಯನ್ನು ಮರೆಯುವ ರೂಢಿಯೂ ಬರುತ್ತದೆ. ಊರುಗಳು ಬೆಳೆಯುತ್ತಿವೆ, ಬಡಾವಣೆಗಳು ಏಳುತ್ತಿವೆ. ಬೆಂಗಳೂರು ದಾಟಿ ಬಂದ ಹಾದಿಯ ಮೊದಲ ಮೈಲಿಗಲ್ಲಿನ ಬಳಿ ನಿಮ್ಮ ಊರುಗಳು ಈಗ ನಿಂತಿವೆ. ಬೇರೆ ಹಾದಿ ಹಿಡಿಯಲು ಇನ್ನೂ ಅವಕಾಶವಿದೆ, ಮತ್ತು ಆ ಆಯ್ಕೆಯನ್ನು ಮಾಡುವವರು ನಿಮ್ಮ ತಲೆಮಾರಿನವರು.

ಹೊರಡುವ ಮುನ್ನ

ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದ ನನಗೆ ಲೆಕ್ಕವಿಲ್ಲದ ಮಾತು ರುಚಿಸುವುದಿಲ್ಲ. ಆದ್ದರಿಂದ ನಿಮಗೂ ಕೆಲವು ಲೆಕ್ಕಗಳನ್ನು ಕೊಡುತ್ತೇನೆ.

ನಿಮ್ಮ ಶಾಲೆಯ ಚಾವಣಿ ನೂರು ಚದರ ಮೀಟರ್ ಇದೆ ಎನ್ನಿ. ಏಳುನೂರು ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಎಪ್ಪತ್ತು ಸಾವಿರ ಲೀಟರ್ ನೀರು ಬಿದ್ದಂತಾಯಿತು. ಐದರಲ್ಲಿ ಒಂದು ಪಾಲು ನಷ್ಟವಾದರೂ ಐವತ್ತಾರು ಸಾವಿರ ಲೀಟರ್ ಉಳಿಯಿತು. ಅದು ಈಗ ಎಲ್ಲಿಗೆ ಹೋಗುತ್ತಿದೆ ಎಂದು ಮಳೆ ಬಂದ ದಿನ ಹೊರಗೆ ನಿಂತು ನೋಡಿ. ಒಂದೇ ಉಷ್ಣತಾಮಾಪಕದಿಂದ ಮಣ್ಣಿನ ಮಾಳಿಗೆಯ ಮನೆಯಲ್ಲೂ ಕಾಂಕ್ರೀಟ್ ಚಾವಣಿಯ ಮನೆಯಲ್ಲೂ ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಹತ್ತಕ್ಕೆ ಅಳೆದು ಬರೆದಿಡಿ. ಊರಿನ ಕೆರೆಗೆ ನೀರು ಎತ್ತಲಿಂದ ಬರುತ್ತಿತ್ತು, ತೂಬನ್ನು ಯಾರು ತೆರೆಯುತ್ತಿದ್ದರು, ಹೂಳನ್ನು ಕಡೆಯ ಸಲ ಎತ್ತಿದ್ದು ಯಾವಾಗ ಎಂದು ಹಿರಿಯರನ್ನು ಕೇಳಿ. ಆ ಹಿರಿಯರು ಇಲ್ಲವಾದ ಮೇಲೆ ಆ ಉತ್ತರಗಳು ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ಆಮೇಲೆ ಅವಕಾಶ ಸಿಕ್ಕರೆ ಖಂಡಿತ ಹೊರದೇಶಕ್ಕೆ ಹೋಗಿ. ಸಿಂಗಪುರವನ್ನೂ ನೋಡಿ, ಲಂಡನ್ನಿನಲ್ಲೂ ಓದಿ. ಟೇಲರ್ ಮತ್ತು ಕೋನಿಗ್ಸ್‌ಬರ್ಗರ್ ನಮ್ಮ ನೆಲಕ್ಕೆ ಬಂದು ಕಲಿತರು, ನೀವು ಅವರ ನೆಲಕ್ಕೆ ಹೋಗಿ ಕಲಿಯುವುದರಲ್ಲಿ ಕೀಳರಿಮೆಯ ಮಾತೇ ಇಲ್ಲ. ಆದರೆ ಅಡೆಯೆಮಿಯವರ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ಇಲ್ಲಿ ಕಲಿತದ್ದು ನಮ್ಮೂರ ಬಿಸಿಲಿಗೆ, ನಮ್ಮೂರ ಮಳೆಗೆ, ನಮ್ಮೂರ ಜನರಿಗೆ ಹೇಗೆ ಒದಗುತ್ತದೆ? ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಮ್ಮೂರಿನ ಬಿಸಿಲು ಮಳೆಗಳ ಲೆಕ್ಕ ನಿಮ್ಮ ಬಳಿ ಮೊದಲೇ ಇರಬೇಕು. ಅದನ್ನು ಬರೆದಿಡುವ ಕೆಲಸಕ್ಕೆ ಒಂದು ನೋಟ್ ಪುಸ್ತಕ ಸಾಕು, ಮುಂದಿನ ಮಳೆಗಾಲದಿಂದಲೇ ಆರಂಭಿಸಬಹುದು.